ಇಪ್ಪತ್ತು ಡಾಲರ್ ನೋಟಿನ ಮೇಲಿರುವ ಕುದುರೆ ಕಳ್ಳಿ: ಗಡೀಪಾರಾದ ಕೈದಿಯ ಜಾಡು ಹಿಡಿಯುವುದು ಹೇಗೆ?

ಆಸ್ಟ್ರೇಲಿಯಾದ 20 ಡಾಲರ್ ನೋಟಿನ ಮೇಲೆ ಒಬ್ಬ ಅಜ್ಜಿಯ ಚಿತ್ರ ಇದೆ. ತಲೆಗೆ ಬಟ್ಟೆಯ ಟೊಪ್ಪಿ, ಮೂಗಿನ ಮೇಲೆ ಸಣ್ಣ ಕನ್ನಡಕ. ಮನೆಯ ಲೆಕ್ಕಪತ್ರವನ್ನೆಲ್ಲ ತನ್ನ ಕೈಯಲ್ಲೇ ಇಟ್ಟುಕೊಂಡ ಹಿರಿಯಮ್ಮನ ಹಾಗೆ ಕಾಣುತ್ತಾಳೆ. ಹೆಸರು ಮೇರಿ ರೀಬಿ. 1994ರಿಂದ ಆ ನೋಟಿನ ಮೇಲಿದ್ದಾಳೆ. ಈಕೆ ಆಸ್ಟ್ರೇಲಿಯಾಕ್ಕೆ ಬಂದದ್ದು ಬ್ರಿಟನ್ನಿನಿಂದ ಗಡೀಪಾರಾದ ಕೈದಿಯಾಗಿ. ಮಾಡಿದ ತಪ್ಪು ಕುದುರೆ ಕಳ್ಳತನ. ಆಗಿನ್ನೂ ಹದಿಮೂರು-ಹದಿನಾಲ್ಕರ ಹುಡುಗಿ.

ಇಷ್ಟು ಹೇಳಿದರೆ ಒಂದು ಒಳ್ಳೆಯ ಕತೆ ಆಯಿತು. ಆದರೆ ನನ್ನ ಕುತೂಹಲ ಬೇರೆ ಕಡೆ. ಇನ್ನೂರು ವರ್ಷಕ್ಕೂ ಹಿಂದಿನ ಒಬ್ಬ ಅನಾಥ ಹುಡುಗಿಯ ಬಗ್ಗೆ ಇದೆಲ್ಲ ಗೊತ್ತಾಗಿದ್ದು ಹೇಗೆ? ಅದೇ ಕಾಲದಲ್ಲಿ, ಅದೇ ಊರಿನಲ್ಲಿ, ಯಾರ ತಂಟೆಗೂ ಹೋಗದೆ ಪಾತ್ರೆ ತಿಕ್ಕಿಕೊಂಡು ಬದುಕಿದ ಇನ್ನೊಬ್ಬ ಹುಡುಗಿ ಇದ್ದಳು ಅಂದುಕೊಳ್ಳಿ. ಅವಳ ಬಗ್ಗೆ ಚರ್ಚಿನ ಪುಸ್ತಕದಲ್ಲಿ ಮೂರು ಸಾಲು ಸಿಕ್ಕರೆ ಹೆಚ್ಚು: ಹುಟ್ಟಿದಾಗ ಒಂದು, ಮದುವೆಗೆ ಒಂದು, ಮಣ್ಣು ಮಾಡಿದಾಗ ಒಂದು. ಕದ್ದವಳ ಬಗ್ಗೆ ಮಾತ್ರ ಪುಟಗಟ್ಟಲೆ ಸಿಗುತ್ತದೆ. ಸರ್ಕಾರಗಳ ಸ್ವಭಾವವೇ ಹಾಗೆ. ತಾವು ನಂಬದವರ ಬಗ್ಗೆಯೇ ಅವು ಜಾಸ್ತಿ ಬರೆದಿಡುತ್ತವೆ.

1788ರಿಂದ 1868ರವರೆಗೆ ಬ್ರಿಟನ್ ಮತ್ತು ಐರ್ಲೆಂಡಿನಿಂದ ಸುಮಾರು 1,62,000 ಕೈದಿಗಳು ಆಸ್ಟ್ರೇಲಿಯಾಕ್ಕೆ ಬಂದರು. ಅದರಲ್ಲಿ ಹೆಂಗಸರು ಸುಮಾರು 25,000. ಇವರ ಕಾಗದಪತ್ರಗಳು ಎಷ್ಟು ಮುಖ್ಯ ಎಂದರೆ, 2007ರಲ್ಲಿ ಯುನೆಸ್ಕೋ ಇವನ್ನು ಜಗತ್ತಿನ ನೆನಪಿನ ಭಂಡಾರದ ಪಟ್ಟಿಗೆ ಸೇರಿಸಿತು. ಈಗ ಬಹಳಷ್ಟನ್ನು ಸ್ಕ್ಯಾನ್ ಮಾಡಿದ್ದಾರೆ, ಮನೆಯಲ್ಲೇ ಕೂತು ನೋಡಬಹುದು. ಕಷ್ಟ ಬರುವುದು ಓದುವಾಗ. ಪ್ರತಿ ಕಾಗದವೂ ಯಾವುದೋ ಒಂದು ಕಚೇರಿಯ ಒಂದು ಪ್ರಶ್ನೆಗೆ ಬರೆದ ಉತ್ತರ. ಆ ಪ್ರಶ್ನೆ ಏನು ಅಂತ ಗೊತ್ತಿಲ್ಲದೆ ಉತ್ತರ ಓದಿದರೆ ದಾರಿ ತಪ್ಪುತ್ತೇವೆ. ಮೇರಿಯ ಬೆನ್ನು ಹತ್ತಿಯೇ ಇದನ್ನು ನೋಡೋಣ.

ಕೋರ್ಟಿನ ಕಾಗದ

ಮೊದಲು ಒಂದು ಮಾತು. ಕುದುರೆ ಕದ್ದರೆ ಇಷ್ಟು ದೂರ ಯಾಕೆ ಕಳಿಸಬೇಕು? ಆ ಕಾಲದ ಇಂಗ್ಲೆಂಡಿನಲ್ಲಿ ಇನ್ನೂರಕ್ಕೂ ಹೆಚ್ಚು ಅಪರಾಧಗಳಿಗೆ ನೇಣು ಶಿಕ್ಷೆ ಇತ್ತು. ಕುದುರೆ ಕಳ್ಳತನವೂ ಅದರಲ್ಲಿ ಒಂದು. ಅಂಗಡಿಯಿಂದ 5 ಶಿಲಿಂಗ್ ಬೆಲೆಯ ಸಾಮಾನು ಕದ್ದರೆ ನೇಣು. ಮನೆಯೊಳಗಿಂದ 40 ಶಿಲಿಂಗಿನದು ಕದ್ದರೆ ನೇಣು. ಕಾನೂನಿನಲ್ಲಿ ಹೀಗಿದ್ದರೂ ಎಲ್ಲರನ್ನೂ ಗಲ್ಲಿಗೆ ಹಾಕುವುದು ಯಾರಿಗೂ ಬೇಕಿರಲಿಲ್ಲ. ಸುಮ್ನೆ ಬಿಟ್ಟು ಕಳಿಸುವುದಕ್ಕೂ ಮನಸ್ಸಿರಲಿಲ್ಲ. ಈ ಎರಡರ ನಡುವೆ ಕಂಡುಕೊಂಡ ದಾರಿಯೇ ಗಡೀಪಾರು. 1718ರಿಂದ ಅಮೆರಿಕದ ವಸಾಹತುಗಳಿಗೆ ಸುಮಾರು 50,000 ಜನರನ್ನು ಹೀಗೆ ಸಾಗಿಸಿದ್ದರು. 1775ರಲ್ಲಿ ಅಮೆರಿಕ ತಿರುಗಿಬಿದ್ದ ಮೇಲೆ ಆ ಬಾಗಿಲು ಮುಚ್ಚಿತು. ಜೈಲುಗಳು ತುಂಬಿದವು. ಥೇಮ್ಸ್ ನದಿಯಲ್ಲಿ ಹಳೇ ಹಡಗುಗಳನ್ನು ನಿಲ್ಲಿಸಿ ಅದರಲ್ಲಿ ಕೈದಿಗಳನ್ನು ತುಂಬಿದರು. ಅದೂ ಸಾಲದೆ ಬಂದಾಗ ಕಂಡದ್ದು ಆಸ್ಟ್ರೇಲಿಯಾ. 1787ರ ಮೇ 13ರಂದು ಪೋರ್ಟ್ಸ್‌ಮತ್‌ನಿಂದ ಹೊರಟ ಹನ್ನೊಂದು ಹಡಗುಗಳು ಮಾರನೇ ವರ್ಷ ಜನವರಿಯಲ್ಲಿ ಅಲ್ಲಿ ಲಂಗರು ಹಾಕಿದವು.

ನೇಣು ತಪ್ಪಿಸಲು ಜ್ಯೂರಿಗಳು ಒಂದು ಉಪಾಯ ಮಾಡುತ್ತಿದ್ದರು. ಕದ್ದ ಮಾಲಿನ ಬೆಲೆಯನ್ನು ಬೇಕೆಂದೇ ಇಳಿಸಿ ಬರೆಸುತ್ತಿದ್ದರು. ಹಾಗಾಗಿ ಆ ಕಾಲದ ತೀರ್ಪುಗಳಲ್ಲಿ ‘39 ಶಿಲಿಂಗ್ ಬೆಲೆಯ ಮಾಲು’ ಅಂತ ಮತ್ತೆ ಮತ್ತೆ ಕಾಣುತ್ತದೆ. ಅಷ್ಟೊಂದು ಮನೆಗಳಲ್ಲಿ ಸರಿಯಾಗಿ 39 ಶಿಲಿಂಗಿನ ಸಾಮಾನೇ ಕಳುವಾಗಲು ಸಾಧ್ಯವೇ? 40ಕ್ಕೆ ಒಂದು ಶಿಲಿಂಗ್ ಕಡಿಮೆ ಮಾಡಿದರೆ ಒಂದು ಜೀವ ಉಳಿಯುತ್ತದೆ, ಅಷ್ಟೇ. ಆ ಅಂಕಿಯಿಂದ ಕದ್ದ ಸಾಮಾನಿನ ಬೆಲೆ ತಿಳಿಯುವುದಿಲ್ಲ. ಜ್ಯೂರಿಯ ಮನಸ್ಸು ತಿಳಿಯುತ್ತದೆ.

ಲಂಡನ್ನಿನ ಕೈದಿಯಾದರೆ ಹುಡುಕುವವರ ಪುಣ್ಯ. ಅಲ್ಲಿನ ಓಲ್ಡ್ ಬೇಲಿ ನ್ಯಾಯಾಲಯದ 1674ರಿಂದ 1913ರವರೆಗಿನ ಪ್ರಕಟಿತ ವರದಿಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಎಷ್ಟೋ ಮೊಕದ್ದಮೆಗಳಲ್ಲಿ ಸಾಕ್ಷಿಗಳ ಮಾತು, ಕೈದಿಯ ಮಾತು ಎಲ್ಲ ಇರುತ್ತದೆ. ಬೇರೆ ಜಿಲ್ಲೆಗಳ ಮೊಕದ್ದಮೆಗಳಿಗೆ ಈ ಭಾಗ್ಯ ಇಲ್ಲ. ಮೇರಿಯ ವಿಚಾರಣೆ ನಡೆದದ್ದು ಸ್ಟಾಫರ್ಡ್‌ನಲ್ಲಿ. ಅಂಥ ಕಡೆ ಸಾಮಾನ್ಯವಾಗಿ ಸಿಗುವುದು ಆರೋಪ ಏನು, ತೀರ್ಪು ಏನು ಎನ್ನುವಷ್ಟೇ.

ಮೇರಿಯ ವಿಷಯದಲ್ಲಿ ಇನ್ನೊಂದು ತೊಡಕು. ಆಕೆ 1777ರ ಮೇ ತಿಂಗಳಲ್ಲಿ ಲ್ಯಾಂಕಶೈರಿನ ಬರಿ ಎಂಬ ಊರಿನಲ್ಲಿ ಹುಟ್ಟಿದಳು. ಚರ್ಚಿನಲ್ಲಿ ಇಟ್ಟ ಹೆಸರು ಮಾಲಿ ಹೇಡಾಕ್. ಅಪ್ಪ ಅಮ್ಮ ಇಲ್ಲದೆ ಅಜ್ಜಿಯ ಆಸರೆಯಲ್ಲಿ ಬೆಳೆದಳು. ಆಮೇಲೆ ಮನೆಗೆಲಸಕ್ಕೆ ಸೇರಿ ಅಲ್ಲಿಂದ ಓಡಿಹೋದಳು. ಸಿಕ್ಕಿಬಿದ್ದಾಗ ಮೈಮೇಲೆ ಹುಡುಗನ ಬಟ್ಟೆ, ಹೇಳಿದ ಹೆಸರು ಜೇಮ್ಸ್ ಬರೋ! ಹೆಣ್ಣು ಅಂತ ಗೊತ್ತಾದದ್ದು ಆಮೇಲೆ. ಹೆಸರಿನ ಪಟ್ಟಿಯಲ್ಲಿ ಬರೀ ‘ಮೇರಿ’ ಅಂತ ಹುಡುಕುತ್ತಾ ಕೂತವರಿಗೆ ಈ ಹುಡುಗಿ ಸಿಗುವುದೇ ಇಲ್ಲ. ಕೈದಿಗಳ ಜಾಡಿನಲ್ಲಿ ಇದು ಮಾಮೂಲು. ಕೆಲವರಿಗೆ ಎರಡು ಮೂರು ಹೆಸರು. ಅದರ ಮೇಲೆ ಗುಮಾಸ್ತ ಕಿವಿಗೆ ಬಿದ್ದ ಹಾಗೆ ಬರೆದುಕೊಂಡ ಕಾಗುಣಿತ ಬೇರೆ.

ಶಿಕ್ಷೆ ಏಳು ವರ್ಷ ಗಡೀಪಾರು. ಆ ಕಾಲದಲ್ಲಿ ಇದ್ದದ್ದು ಮುಖ್ಯವಾಗಿ ಮೂರು ಅವಧಿ: ಏಳು, ಹದಿನಾಲ್ಕು, ಜೀವಾವಧಿ. ಏಳು ವರ್ಷ ಮುಗಿದ ಮೇಲೆ ಊರಿಗೆ ಮರಳಬಹುದು ಅನ್ನುವುದು ಕಾಗದದ ಮಾತು. ಹಡಗಿನ ಖರ್ಚು ಕೈದಿಯದೇ. ಬಹುತೇಕ ಜನ ಮರಳಲೇ ಇಲ್ಲ.

ಹಡಗೇ ಮನೆತನದ ಹೆಸರು

ಮೇರಿ ಬಂದದ್ದು ‘ರಾಯಲ್ ಅಡ್ಮಿರಲ್’ ಎಂಬ ಹಡಗಿನಲ್ಲಿ, 1792ರ ಅಕ್ಟೋಬರಿನಲ್ಲಿ. ಈ ಹಡಗಿನ ಹೆಸರನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಕೈದಿಯ ಜಾಡು ಹಿಡಿಯುವವರಿಗೆ ಇದಕ್ಕಿಂತ ದೊಡ್ಡ ಕೀಲಿಕೈ ಇಲ್ಲ. ಕೈದಿಗಳಲ್ಲಿ ಜಾನ್ ಸ್ಮಿತ್, ಮೇರಿ ಬ್ರೌನ್‌ಗಳಿಗೆ ಲೆಕ್ಕವೇ ಇರಲಿಲ್ಲ. ನಮ್ಮಲ್ಲಿ ಹೆಸರಿಗೆ ಊರಿನ ಹೆಸರು ಸೇರಿಸಿ ಇಂಥ ಊರಿನ ರಾಮಣ್ಣ ಎಂದು ಗುರುತಿಸುವ ಹಾಗೆ, ಅಲ್ಲಿನ ಗುಮಾಸ್ತರು ಹೆಸರಿನ ಪಕ್ಕ ಹಡಗು ಬರೆಯುತ್ತಿದ್ದರು. ಇಂಥವನು, ಇಂಥ ಹಡಗು, ಇಂಥ ವರ್ಷ. ಮೂವತ್ತು ವರ್ಷ ಕಳೆದು ಮಗಳ ಮದುವೆ ಮಾಡುವ ವಯಸ್ಸಾದರೂ ಸರ್ಕಾರಿ ಪುಸ್ತಕದಲ್ಲಿ ಆ ಹಡಗು ಬೆನ್ನು ಬಿಡುತ್ತಿರಲಿಲ್ಲ.

ಬ್ರಿಟನ್ನಿನ ಗೃಹ ಇಲಾಖೆಯ ಗಡೀಪಾರು ರಿಜಿಸ್ಟರುಗಳು ಲಂಡನ್ ಹತ್ತಿರದ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿವೆ. ಹಡಗಿನ ಪ್ರಕಾರ ಪಟ್ಟಿ: ಹೆಸರು, ಎಲ್ಲಿ ತೀರ್ಪಾಯಿತು, ಯಾವಾಗ, ಎಷ್ಟು ವರ್ಷ. ಹಡಗು ಹೊರಡಿಸುವವರ ಪ್ರಶ್ನೆ ಅಷ್ಟೇ: ಎಷ್ಟು ತಲೆ, ಎಷ್ಟು ಅವಧಿ? ಇದರ ಜೋಡಿ ಪುಸ್ತಕ ಸಿಡ್ನಿಯಲ್ಲಿ ಸಿಗುತ್ತದೆ. ಅದಕ್ಕೆ ಇಂಡೆಂಟ್ ಎನ್ನುತ್ತಾರೆ. ಶುರುವಿನ ವರ್ಷಗಳ ಇಂಡೆಂಟ್ ಓದಿದರೆ ಬೇಸರವಾಗುತ್ತದೆ, ಅಷ್ಟು ಬರಡು. 1820ರ ದಶಕದ ಕೊನೆಗೆ ಬರುವ ಹೊತ್ತಿಗೆ ಅದರ ಕಾಲಂಗಳು ಉಬ್ಬಿಕೊಂಡಿವೆ. ವಯಸ್ಸು, ಓದು ಬರಹ, ಧರ್ಮ, ಮದುವೆ, ಮಕ್ಕಳು, ಹುಟ್ಟೂರು, ಕಸುಬು, ಹಿಂದಿನ ಶಿಕ್ಷೆ, ಎತ್ತರ, ಮೈಬಣ್ಣ, ಕೂದಲು, ಕಣ್ಣು, ಗಾಯದ ಗುರುತು, ಹಚ್ಚೆ. ಹಚ್ಚೆ ಯಾಕೆ ಅಂದರೆ, ಫೋಟೋ ಇಲ್ಲದ ಕಾಲ. ಓಡಿಹೋದವನನ್ನು ಹಿಡಿಯಲು ಬೇರೆ ದಾರಿ ಇರಲಿಲ್ಲ. ಆದರೆ ಇವತ್ತು ಓದುವವರಿಗೆ ಅದೇ ಬಂಗಾರ. ತೋಳಿನ ಮೇಲೆ ಒಂದು ಲಂಗರು, ಅದರ ಪಕ್ಕ ಎರಡು ಅಕ್ಷರ. ಆ ಅಕ್ಷರ ಹೆಂಡತಿಯದೋ, ಅಮ್ಮನದೋ, ಕಾಲಂ ಹೇಳುವುದಿಲ್ಲ.

ಸಮುದ್ರಯಾನದ ಬಗ್ಗೆ ಒಂದು ಲೆಕ್ಕ ಮಾತ್ರ ಹೇಳುತ್ತೇನೆ. 1790ರಲ್ಲಿ ಎರಡನೇ ತಂಡದ ಹಡಗುಗಳು ಬಂದವು. ಅವುಗಳ ಗುತ್ತಿಗೆದಾರರಿಗೆ ಹಡಗು ಹತ್ತಿಸಿದ ತಲೆಗೆ 17 ಪೌಂಡ್ 7 ಶಿಲಿಂಗ್ 6 ಪೆನ್ಸ್ ಕೊಟ್ಟರು. ಬದುಕಿ ಇಳಿದವರ ಲೆಕ್ಕಕ್ಕಲ್ಲ, ಹತ್ತಿದವರ ಲೆಕ್ಕಕ್ಕೆ! ದಾರಿಯಲ್ಲಿ ಸತ್ತರೆ ಗುತ್ತಿಗೆದಾರರಿಗೆ ಊಟದ ಖರ್ಚು ಉಳಿಯಿತು. ಸುಮಾರು ಕಾಲು ಭಾಗ ಜನ ಸತ್ತೇಹೋದರು. ಆಮೇಲೆ ಕರಾರು ಬದಲಾಯಿತು. 1815ರಿಂದ ಪ್ರತಿ ಹಡಗಿಗೂ ನೌಕಾಪಡೆಯ ಒಬ್ಬ ಸರ್ಜನ್ ಇರಬೇಕೆಂದಾಯಿತು. ಈ ಸರ್ಜನ್‌ಗಳು ಬರೆದಿಟ್ಟ ದಿನಚರಿಗಳಲ್ಲಿ ಯಾರಿಗೆ ಯಾವ ದಿನ ಭೇದಿ ಆಯಿತು, ಯಾರು ಯಾರ ಜೊತೆ ಜಗಳ ಆಡಿದರು ಎನ್ನುವುದೂ ಸಿಗುತ್ತದೆ. ಮೇರಿಯ ಹಡಗು ಅದಕ್ಕಿಂತ ಎಷ್ಟೋ ಹಳೆಯದು. ಆ ಭಾಗ್ಯವೂ ನಮಗಿಲ್ಲ.

ಚಿಕ್ಕಮ್ಮನಿಗೆ ಬರೆದ ಕಾಗದ

ಆದರೆ ಅದಕ್ಕಿಂತ ದೊಡ್ಡದೊಂದು ಉಳಿದಿದೆ. ಬಂದ ಮರುದಿನ, 1792ರ ಅಕ್ಟೋಬರ್ 8ರಂದು, ಹಡಗಿನಲ್ಲೇ ಕೂತು ಮೇರಿ ಇಂಗ್ಲೆಂಡಿನಲ್ಲಿದ್ದ ಚಿಕ್ಕಮ್ಮನಿಗೆ ಒಂದು ಕಾಗದ ಬರೆದಳು. ಸಿಡ್ನಿಯ ರಾಜ್ಯ ಗ್ರಂಥಾಲಯದಲ್ಲಿ ಅದು ಇವತ್ತಿಗೂ ಇದೆ. ಕಾಗುಣಿತ ಅಡ್ಡಾದಿಡ್ಡಿ, ಚುಕ್ಕೆ ಕಡಿಮೆ. ಜಾಗ ನೋಡಲು ಚೆನ್ನಾಗಿಯೇ ಕಾಣುತ್ತದೆ ಎನ್ನುತ್ತಾಳೆ. ವಾರಕ್ಕೆ ನಾಲ್ಕು ಜೊತೆ ಷರಾಯಿ ಹೊಲಿಯಬೇಕಂತೆ. ಅದಕ್ಕೆ ವಾರಕ್ಕೆ ಒಂದು ಪೌಂಡ್ ಅಕ್ಕಿ, ನಾಲ್ಕು ಪೌಂಡ್ ಹಂದಿಮಾಂಸ, ಜೊತೆಗೆ ಸೊಪ್ಪು ತರಕಾರಿ. ಆಮೇಲೆ ಬರುವುದು ನಿಜವಾದ ಸಂಕಟ. ತನ್ನ ಶಿಕ್ಷೆ ಜೀವಾವಧಿ ಅಂತ ಇಲ್ಲಿಯವರು ಹೇಳುತ್ತಿದ್ದಾರೆ, ಬರೀ ಏಳು ವರ್ಷ ಅಂತ ಗವರ್ನರ್ ಹೇಳಿದ್ದರು, ನೆನೆಸಿಕೊಂಡರೆ ತುಂಬ ದುಃಖವಾಗುತ್ತದೆ ಎಂದು ಬರೆಯುತ್ತಾಳೆ. ಎರಡು ಮೂರು ವರ್ಷದೊಳಗೆ ಇಲ್ಲಿಂದ ತಪ್ಪಿಸಿಕೊಳ್ಳಲು ಸಿಗುವ ಪ್ರತಿ ಅವಕಾಶಕ್ಕೂ ಕಾಯುತ್ತೇನೆ ಅಂತಲೂ ಸೇರಿಸುತ್ತಾಳೆ.

ಈ ಗೊಂದಲವನ್ನು ಒಂದು ನಿಮಿಷ ಗಮನಿಸಿ. ಇಡೀ ಸಾಮ್ರಾಜ್ಯ ಕಾಗದದ ಮೇಲೆ ನಿಂತಿದೆ, ಆದರೆ ಹದಿನೈದರ ಹುಡುಗಿಗೆ ತನ್ನ ಶಿಕ್ಷೆ ಎಷ್ಟು ಅಂತ ಗೊತ್ತಿಲ್ಲ. ಹೇಳುವವರೂ ಸರಿಯಾಗಿ ಹೇಳುತ್ತಿಲ್ಲ. ಮೊದಲ ಹಡಗುಗಳು ಬಂದಾಗ ಕೈದಿಗಳ ಶಿಕ್ಷೆಯ ವಿವರವಿದ್ದ ಕಾಗದಗಳನ್ನು ಬ್ರಿಟನ್ನಿನಲ್ಲೇ ಬಿಟ್ಟು ಬಂದಿದ್ದರು. ತಮ್ಮ ಅವಧಿ ಮುಗಿಯಿತು ಎಂದು ಬಂದ ಕೈದಿಗಳ ಮಾತನ್ನು ನಂಬಬೇಕೋ ಬೇಡವೋ ಅಂತ ಗವರ್ನರನಿಗೇ ತಿಳಿಯದೆ ಹೋಗಿತ್ತು.

ಇನ್ನು ಆ ಅಕ್ಕಿ. ಇಂಗ್ಲೆಂಡಿನ ಕೈದಿಗೆ ಆಸ್ಟ್ರೇಲಿಯಾದಲ್ಲಿ ಅಕ್ಕಿ ಎಲ್ಲಿಂದ ಬಂತು? ಆ ವರ್ಷ ಸಿಡ್ನಿಯಲ್ಲಿ ಹೊಟ್ಟೆಗೆ ತತ್ವಾರ ಇತ್ತು. ಬೆಳೆ ಸಾಲದು, ಲಂಡನ್ನಿನ ಹಡಗು ಬರುವುದು ತಡ. ‘ಅಟ್ಲಾಂಟಿಕ್’ ಎಂಬ ಹಡಗನ್ನು ಕಲ್ಕತ್ತೆಗೆ ಓಡಿಸಿದರು. 1792ರ ಜೂನ್‌ನಲ್ಲಿ ಅದು ಅಕ್ಕಿ, ರವೆ, ಬೇಳೆ ತುಂಬಿಕೊಂಡು ವಾಪಸು ಬಂತು. ಬ್ರೆಡ್ಡು ತಿಂದು ಬೆಳೆದ ಲಂಡನ್ನಿನ ಜೇಬುಗಳ್ಳರಿಗೆ ಪಡಿತರದಲ್ಲಿ ಬೇಳೆ ಅಳೆದು ಕೊಟ್ಟದ್ದನ್ನು ಊಹಿಸಿಕೊಂಡರೆ ನನಗೆ ನಗು ಬರುತ್ತದೆ. ಅವರಿಗಂತೂ ನಗು ಬಂದಿರಲಿಕ್ಕಿಲ್ಲ.

ಕೈದಿಯಿಂದ ಯಜಮಾನಿಗೆ

ಆಸ್ಟ್ರೇಲಿಯಾದಲ್ಲಿ ಇಳಿದ ಕೈದಿಗಳೆಲ್ಲ ಕಲ್ಲಿನ ಗೋಡೆಯ ಜೈಲಿನಲ್ಲಿ ಇರುತ್ತಿದ್ದರು ಅಂದುಕೊಳ್ಳುವವರೇ ಜಾಸ್ತಿ. ನಮಗೆ ಕರಿನೀರಿನ ಶಿಕ್ಷೆ ಅಂದರೆ ಅಂಡಮಾನಿನ ಸೆಲ್ಯುಲಾರ್ ಜೈಲೇ ಕಣ್ಣಿಗೆ ಬರುವುದರಿಂದ ಹಾಗಾಗುತ್ತದೆ. ಇಲ್ಲಿ ಹಾಗಿರಲಿಲ್ಲ. ಎಷ್ಟೋ ಕೈದಿಗಳನ್ನು ಅಧಿಕಾರಿಗಳ, ರೈತರ ಮನೆಗೆ ಸಂಬಳವಿಲ್ಲದ ಆಳಾಗಿ ಹಂಚಿಬಿಡುತ್ತಿದ್ದರು. ಮೇರಿ ಮೇಜರ್ ಫ್ರಾನ್ಸಿಸ್ ಗ್ರೋಸ್ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ಒಳ್ಳೆಯ ಮನೆ ಸಿಕ್ಕರೆ ಒಂದು ಬದುಕು, ಕೆಟ್ಟವನ ಕೈಗೆ ಸಿಕ್ಕರೆ ಇನ್ನೊಂದು. ಚಾಟಿಯೇಟು, ಕಾಲಿಗೆ ಬೇಡಿ ಹಾಕಿ ರಸ್ತೆ ಕೆಲಸ, ಇನ್ನೂ ಮಾತು ಕೇಳದವರಿಗೆ ದೂರದ ನಾರ್ಫೋಕ್ ದ್ವೀಪದ ಸೆರೆವಾಸ ಎಲ್ಲ ಇದ್ದವು. ಆದರೆ ಅವೆಲ್ಲ ಬಂದ ಮೇಲೆ ಮಾಡಿದ ಹೊಸ ತಪ್ಪುಗಳಿಗೆ.

ನಡತೆ ಚೆನ್ನಾಗಿದ್ದರೆ ಬಿಡುಗಡೆಯ ಮೆಟ್ಟಿಲುಗಳಿದ್ದವು. ಒಂದೊಂದು ಮೆಟ್ಟಿಲಿಗೂ ಒಂದೊಂದು ಕಾಗದ. ಕಿಂಗ್ ಎಂಬ ಹೆಸರಿನ ಗವರ್ನರ್ 1801ರಲ್ಲಿ ಶುರು ಮಾಡಿದ ‘ಟಿಕೆಟ್ ಆಫ್ ಲೀವ್’ ಮೊದಲನೆಯದು. ಅದು ಸಿಕ್ಕರೆ ತನ್ನ ದುಡಿಮೆ ತನಗೆ. ಆದರೆ ಹೇಳಿದ ಜಿಲ್ಲೆಯೊಳಗೇ ಇರಬೇಕು, ಆಗಾಗ ಹೋಗಿ ಹಾಜರಿ ಹಾಕಬೇಕು. ಆಮೇಲಿನ ನಿಯಮದ ಪ್ರಕಾರ ಏಳು ವರ್ಷದವನಿಗೆ ನಾಲ್ಕು ವರ್ಷಕ್ಕೆ, ಹದಿನಾಲ್ಕರವನಿಗೆ ಆರಕ್ಕೆ, ಜೀವಾವಧಿಯವನಿಗೆ ಎಂಟಕ್ಕೆ ಇದು ಸಿಗಬಹುದಿತ್ತು. ಅದರ ಮೇಲೆ ಎರಡು ಬಗೆಯ ಕ್ಷಮಾದಾನ. ಷರತ್ತಿನ ಕ್ಷಮೆ ಸಿಕ್ಕವನು ಸ್ವತಂತ್ರ, ಆದರೆ ಬ್ರಿಟನ್ನಿಗೆ ಹೋಗುವಂತಿಲ್ಲ. ಪೂರ್ಣ ಕ್ಷಮೆ ಸಿಕ್ಕವನು ಎಲ್ಲಿಗಾದರೂ ಹೋಗಬಹುದು. ಅವಧಿ ಪೂರ್ತಿ ಮುಗಿಸಿದವರಿಗೆ ಕೊಡುವುದು ‘ಸರ್ಟಿಫಿಕೇಟ್ ಆಫ್ ಫ್ರೀಡಂ’. ಜಾಡು ಹಿಡಿಯುವವರಿಗೆ ಇಲ್ಲೊಂದು ಸುಳಿವಿದೆ. ಜೀವಾವಧಿಗೆ ಮುಗಿಯುವ ದಿನವೇ ಇಲ್ಲವಲ್ಲ. ಹಾಗಾಗಿ ನಿಮ್ಮ ಕೈದಿಯ ಹೆಸರಿನಲ್ಲಿ ಈ ಸರ್ಟಿಫಿಕೇಟ್ ಇದ್ದರೆ ಅವನ ಶಿಕ್ಷೆ ಜೀವಾವಧಿ ಆಗಿರಲಾರದು. ಅದೇ ಹೆಸರಿನ ಜೀವಾವಧಿ ಕೈದಿ ಕಂಡರೆ ಅವನು ಬೇರೆ ಮನುಷ್ಯ.

ಮೇರಿ ಈ ಮೆಟ್ಟಿಲುಗಳನ್ನು ಹತ್ತಲೇ ಇಲ್ಲ. ಟಿಕೆಟ್ ವ್ಯವಸ್ಥೆ ಬರುವ ಹೊತ್ತಿಗೆ ಅವಳ ಅವಧಿ ಮುಗಿದಿತ್ತು. ವಿಚಿತ್ರ ನೋಡಿ, ನೋಟಿನ ಮೇಲೆ ಬಂದವಳ ಕೈದಿ ಕಡತ ತೆಳ್ಳಗೆ. 1830ರ ದಶಕದಲ್ಲಿ ಬಂದ ಯಾವನೋ ಅನಾಮಿಕನದು ದಪ್ಪ.

ಆ ದಪ್ಪ ಕಡತ ನೋಡಬೇಕಿದ್ದರೆ ಟಾಸ್ಮೇನಿಯಾಕ್ಕೆ ಹೋಗಬೇಕು. ಆಗ ಅದರ ಹೆಸರು ವ್ಯಾನ್ ಡೀಮನ್ಸ್ ಲ್ಯಾಂಡ್. ಅಲ್ಲಿನ ನಡತೆ ಪುಸ್ತಕಗಳಲ್ಲಿ ಒಬ್ಬೊಬ್ಬ ಕೈದಿಗೂ ಅವನದೇ ದಾಖಲೆ. ಹಡಗು ಬಂದ ಕೂಡಲೇ ಗುಮಾಸ್ತ ಒಬ್ಬೊಬ್ಬರನ್ನೇ ಕರೆದು, ಇಂಗ್ಲೆಂಡಿನ ಜೈಲಿನ ವರದಿಯನ್ನು ಕೈಯಲ್ಲಿಟ್ಟುಕೊಂಡೇ, ‘ನೀನು ಏನು ಮಾಡಿ ಬಂದೆ, ನೀನೇ ಹೇಳು’ ಎಂದು ಕೇಳುತ್ತಿದ್ದ. ವರದಿಯಲ್ಲಿ ಏನಿದೆ ಎಂದು ಗೊತ್ತಿಲ್ಲದ ಕೈದಿ ಸುಳ್ಳು ಹೇಳಲು ಹೆದರುತ್ತಿದ್ದ. ಹಾಗೆ ಎಷ್ಟೋ ಹಳೇ ಕಳ್ಳತನಗಳು ತಾವಾಗಿಯೇ ಹೊರಬಿದ್ದವು. ಅದರ ಕೆಳಗೆ ಮುಂದಿನ ವರ್ಷಗಳ ತಪ್ಪುಗಳು ಸಾಲಾಗಿ: ಕುಡಿದದ್ದು, ಯಜಮಾನನಿಗೆ ಎದುರು ಮಾತಾಡಿದ್ದು, ರಾತ್ರಿ ಹೊರಗಿದ್ದದ್ದು, ಅದಕ್ಕೆ ಬಿದ್ದ ಏಟು ಎಷ್ಟು. ಸುಮ್ಮನೆ ಕೆಲಸ ಮಾಡಿಕೊಂಡಿದ್ದ ವರ್ಷಗಳು ಮಾತ್ರ ಆ ಪುಟದಲ್ಲಿ ಇರುವುದೇ ಇಲ್ಲ. ಪುಟ ತುಂಬಿದವನು ಕೆಟ್ಟವನು, ಖಾಲಿ ಇದ್ದವನು ಒಳ್ಳೆಯವನು ಅಂತ ತೀರ್ಮಾನ ಮಾಡುವುದಕ್ಕೂ ಆಗದು. ಸಣ್ಣದಕ್ಕೂ ದೂರು ಕೊಡುವ ಯಜಮಾನ ಸಿಕ್ಕಿದ್ದರೆ ಪುಟ ಬೇಗ ತುಂಬುತ್ತಿತ್ತು.

ಮೇರಿಯ ಕತೆಗೆ ವಾಪಸು ಬರೋಣ. 1794ರ ಸೆಪ್ಟೆಂಬರಿನಲ್ಲಿ ಆಕೆ ಥಾಮಸ್ ರೀಬಿ ಎಂಬ ಐರಿಷ್ ಯುವಕನನ್ನು ಮದುವೆಯಾದಳು. ಅವನು ಕೈದಿಯಲ್ಲ, ಈಸ್ಟ್ ಇಂಡಿಯಾ ಕಂಪನಿಯ ನೌಕರಿಯಲ್ಲಿದ್ದವನು. ಹಾಕ್ಸ್‌ಬರಿ ನದಿಯ ದಡದಲ್ಲಿ ಜಮೀನು ಸಿಕ್ಕಿತು. ಆ ಜಮೀನು ಅಲ್ಲಿನ ಮೂಲನಿವಾಸಿಗಳಾದ ಡಾರುಗ್ ಜನರದು. ಅವರನ್ನು ಅಲ್ಲಿಂದ ಓಡಿಸಿಯೇ ಈ ಹಂಚಿಕೆ ನಡೆದದ್ದು. ಒಬ್ಬ ಕೈದಿಯ ತೋಳಿನ ಹಚ್ಚೆಯನ್ನೂ ಬರೆದಿಟ್ಟ ಸರ್ಕಾರ, ನೆಲ ಕಳೆದುಕೊಂಡವರಿಗೆ ಅಂಥ ಪುಸ್ತಕ ಇಡಲಿಲ್ಲ.

ಗಂಡ ಹೆಂಡತಿ ಸೇರಿ ಸಾಗಣೆ ವ್ಯಾಪಾರ ಶುರು ಮಾಡಿದರು. ದೋಣಿಯಲ್ಲಿ ಧಾನ್ಯ, ಆಮೇಲೆ ಕಲ್ಲಿದ್ದಲು, ಮರ, ಸೀಲ್ ಪ್ರಾಣಿಯ ಚರ್ಮ. ಸಿಡ್ನಿಯಲ್ಲಿ ಕಟ್ಟಿದ ಮನೆಗೆ ‘ಎಂಟಾಲಿ ಹೌಸ್’ ಎಂದು ಹೆಸರಿಟ್ಟರು. ಎಂಟಾಲಿ ಕಲ್ಕತ್ತೆಯ ಒಂದು ಬಡಾವಣೆ. ಏಳು ಮಕ್ಕಳಾದರು. ಥಾಮಸ್ ಭಾರತಕ್ಕೆ ಹೋಗಿ ಬಂದವನು ಕಾಯಿಲೆ ಬಿದ್ದು 1811ರ ಏಪ್ರಿಲ್‌ನಲ್ಲಿ ತೀರಿಕೊಂಡ. ಅಲ್ಲಿನ ಬಿಸಿಲು ಬಡಿದದ್ದೇ ಕಾರಣ ಎಂದರು. ಒಂದೇ ತಿಂಗಳಲ್ಲಿ ವ್ಯಾಪಾರದ ಪಾಲುದಾರ ಎಡ್ವರ್ಡ್ ವಿಲ್ಸ್ ಕೂಡ ಹೋಗಿಬಿಟ್ಟ. ಮೂವತ್ತಮೂರು-ಮೂವತ್ತನಾಲ್ಕರ ಮೇರಿಯ ಪಾಲಿಗೆ ಉಳಿದದ್ದು ಏಳು ಮಕ್ಕಳು, ಹಡಗುಗಳು, ಅಂಗಡಿ, ವಸೂಲಾಗದ ಸಾಲಗಳು.

ಇಲ್ಲಿಂದ ಮುಂದೆ ಕೈದಿ ದಾಖಲೆ ಮುಗಿದು ಪತ್ರಿಕೆ ಶುರುವಾಗುತ್ತದೆ. 1803ರಿಂದ ಹೊರಬರುತ್ತಿದ್ದ ‘ಸಿಡ್ನಿ ಗೆಜೆಟ್’ ಈಗ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ‘ಟ್ರೋವ್’ ತಾಣದಲ್ಲಿ ಬಿಟ್ಟಿಯಾಗಿ ಓದಲು ಸಿಗುತ್ತದೆ. ಬದುಕಿನ ಜಾಡಿಗೆ ಸುದ್ದಿಗಿಂತ ಜಾಹೀರಾತು ಹೆಚ್ಚು ಉಪಯೋಗ. ಯಾರು ಏನು ಮಾರುತ್ತಿದ್ದಾರೆ, ಯಾರು ಊರು ಬಿಡುತ್ತಿದ್ದಾರೆ, ಯಾರು ಬಾಕಿ ಕೇಳುತ್ತಿದ್ದಾರೆ ಎಲ್ಲ ಅಲ್ಲಿರುತ್ತದೆ. ಮೇರಿ 1812ರಲ್ಲಿ ಜಾರ್ಜ್ ಸ್ಟ್ರೀಟ್‌ನಲ್ಲಿ ಹೊಸ ಗೋದಾಮು ತೆರೆದಳು. ಹಡಗು ಕೊಂಡಳು. 1817ರಲ್ಲಿ ಬ್ಯಾಂಕ್ ಆಫ್ ನ್ಯೂ ಸೌತ್ ವೇಲ್ಸ್ ಶುರುವಾದದ್ದು ಆಕೆಯಿಂದ ಬಾಡಿಗೆಗೆ ಪಡೆದ ಕಟ್ಟಡದಲ್ಲಿ. ಅದೇ ವರ್ಷ ಮೇ ತಿಂಗಳಲ್ಲಿ, ಸಾಲ ವಾಪಸು ಕೊಡದ ಒಬ್ಬನ ಮೇಲೆ ಕೈ ಮಾಡಿದ್ದಕ್ಕೆ ನ್ಯಾಯಾಲಯ ಆಕೆಯನ್ನು ತಪ್ಪಿತಸ್ಥೆ ಎಂದಿತು. ಬ್ಯಾಂಕಿಗೆ ಮನೆ ಕೊಟ್ಟವಳೂ ಇವಳೇ, ಸಾಲಗಾರನಿಗೆ ಬಡಿದವಳೂ ಇವಳೇ. ನನಗಂತೂ ಈ ಎರಡನೇ ದಾಖಲೆಯೇ ಇಷ್ಟ.

ಆಗ ಗವರ್ನರ್ ಆಗಿದ್ದವನು ಲ್ಯಾಕ್ಲನ್ ಮ್ಯಾಕ್ವಾರಿ. ನಮ್ಮ ಶ್ರೀರಂಗಪಟ್ಟಣದ 1792 ಮತ್ತು 1799ರ ಎರಡೂ ಮುತ್ತಿಗೆಯಲ್ಲಿ ಬ್ರಿಟಿಷ್ ಸೈನ್ಯದ ಅಧಿಕಾರಿಯಾಗಿ ಇದ್ದವನು. ಟಿಪ್ಪುವಿನ ಮೇಲೆ ಯುದ್ಧಕ್ಕೆ ಬಂದ ಅದೇ ಮನುಷ್ಯ ಸಿಡ್ನಿಯಲ್ಲಿ ಮಾಜಿ ಕೈದಿಗಳನ್ನು ಊಟಕ್ಕೆ ಕರೆದ, ಮ್ಯಾಜಿಸ್ಟ್ರೇಟ್ ಮಾಡಿದ. ಶಿಕ್ಷೆ ಮುಗಿದ ಮೇಲೆ ಹಳೆಯದನ್ನು ಎತ್ತಬಾರದು ಎನ್ನುವುದು ಅವನ ನಿಲುವು. ಸ್ವತಂತ್ರರಾಗಿ ಬಂದ ದೊಡ್ಡವರಿಗೆ ಇದರಿಂದ ಹೊಟ್ಟೆ ಉರಿಯಿತು. ಅವನ ಕಟ್ಟಡಗಳನ್ನು ಕಟ್ಟಿಕೊಟ್ಟ ಫ್ರಾನ್ಸಿಸ್ ಗ್ರೀನ್‌ವೇ ಕೂಡ ಗಡೀಪಾರಾದ ಕೈದಿಯೇ. ಅಪರಾಧ: ಖೋಟಾ ದಾಖಲೆ. ಅವನ ಚಿತ್ರವೂ 1966ರಿಂದ 1993ರವರೆಗೆ 10 ಡಾಲರ್ ನೋಟಿನ ಮೇಲಿತ್ತು. ಖೋಟಾ ಮಾಡಿದವನ ಮುಖವನ್ನೇ ನೋಟಿನ ಮೇಲೆ ಹಾಕಿದವರ ಹಾಸ್ಯಪ್ರಜ್ಞೆಗೆ ಏನು ಹೇಳೋಣ!

ಜನಗಣತಿಯಲ್ಲಿ ಒಂದು ಚಮತ್ಕಾರ

1820ರಲ್ಲಿ ಮೇರಿ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದಳು. ಕೈದಿಯಾಗಿ ಬಿಟ್ಟ ನೆಲಕ್ಕೆ ಹಣವಂತೆಯಾಗಿ ಕಾಲಿಟ್ಟಳು. ಆ ಪ್ರಯಾಣದ ದಿನಚರಿ ಉಳಿದಿದೆ. ಬ್ಲ್ಯಾಕ್‌ಬರ್ನ್‌ನಲ್ಲಿ ತನ್ನವರಿದ್ದ ಬೀದಿಯ ತುದಿಗೆ ಬಂದಾಗ ಆದದ್ದನ್ನು ಹೇಳಲು ಸಾಧ್ಯವಿಲ್ಲ ಎಂದು ಬರೆದುಕೊಂಡಿದ್ದಾಳೆ. ಮಾರನೇ ವರ್ಷ ‘ಮ್ಯಾರಿನರ್’ ಎಂಬ ಹಡಗಿನಲ್ಲಿ ಸಿಡ್ನಿಗೆ ಮರಳಿದಳು.

1828ರ ನವೆಂಬರಿನಲ್ಲಿ ಸಿಡ್ನಿ ಸೇರಿದ ವಸಾಹತಾದ ನ್ಯೂ ಸೌತ್ ವೇಲ್ಸ್‌ನಲ್ಲಿ ದೊಡ್ಡ ಜನಗಣತಿ ನಡೆಯಿತು. ಹೆಸರು, ವಯಸ್ಸು, ಧರ್ಮ, ಕಸುಬು, ಎಷ್ಟು ಎಕರೆ, ಎಷ್ಟು ದನ ಎಲ್ಲ ಕೇಳಿದರು. ಅದರಲ್ಲಿ ಒಂದು ಕಾಲಂ ತುಂಬ ಚುಚ್ಚುವಂಥದು. ಎರಡಕ್ಷರದ ಒಂದು ಗುರುತು: ಸ್ವತಂತ್ರವಾಗಿ ಬಂದವರೋ, ಇಲ್ಲೇ ಹುಟ್ಟಿದವರೋ, ಶಿಕ್ಷೆ ಮುಗಿಸಿ ಬಿಡುಗಡೆಯಾದವರೋ, ಟಿಕೆಟ್ ಮೇಲಿರುವವರೋ. ಪಕ್ಕದಲ್ಲಿ ಮತ್ತೆ ಹಡಗಿನ ಹೆಸರು, ವರ್ಷ.

ಮೇರಿಯ ಸಾಲಿನಲ್ಲಿ ಇರಬೇಕಾದದ್ದು: ಶಿಕ್ಷೆ ಮುಗಿಸಿದವಳು, ರಾಯಲ್ ಅಡ್ಮಿರಲ್, 1792. ಆಕೆ ಹೇಳಿ ಬರೆಸಿದ್ದು: ಸ್ವತಂತ್ರಳಾಗಿ ಬಂದವಳು, 1821.

ಸುಳ್ಳೇ? 1821ರಲ್ಲಿ ಆಕೆ ಬಂದದ್ದು ನಿಜ, ಸ್ವತಂತ್ರಳಾಗಿ ಬಂದದ್ದೂ ನಿಜ. ಅದಕ್ಕೂ ಮೊದಲು ಒಮ್ಮೆ ಬಂದಿದ್ದನ್ನು ಹೇಳಲಿಲ್ಲ, ಅಷ್ಟೇ. ಈ ಒಂದು ದಾಖಲೆ ಮಾತ್ರ ಸಿಕ್ಕವನಿಗೆ ಮೇರಿ ರೀಬಿ ಎಂದೂ ಕೈದಿಯಾಗಿರಲಿಲ್ಲ. ಅದಕ್ಕೇ ಒಂದೇ ಕಾಗದ ಹಿಡಿದು ಕೂರಬೇಡಿ ಎಂದು ಈ ಕೆಲಸ ಬಲ್ಲವರು ಹೇಳುವುದು. ಎರಡು ಕಾಗದ ಒಂದಕ್ಕೊಂದು ಹೊಂದದೆ ಹೋದಾಗ ಗಾಬರಿಯಾಗಬಾರದು. ಹೊಂದದ ಜಾಗದಲ್ಲೇ ಮನುಷ್ಯ ಕಾಣಿಸುವುದು. ಉಳಿದ ಕಾಲಂಗಳನ್ನು ಗುಮಾಸ್ತ ತುಂಬಿದ, ಇದೊಂದನ್ನು ಆಕೆ ತುಂಬಿಸಿದಳು.

ಮುಂದಿನ ಪೀಳಿಗೆಗಳು ಇದನ್ನೇ ಇನ್ನೂ ಜೋರಾಗಿ ಮಾಡಿದವು. ಅಜ್ಜ ಕೈದಿ ಎನ್ನುವುದು ಮನೆಯ ಕಳಂಕ. ಬೈಬಲ್ಲಿನ ಮೊದಲ ಪುಟದ ವಂಶಾವಳಿಯಲ್ಲೂ ಬರೆಯುತ್ತಿರಲಿಲ್ಲ, ಮಕ್ಕಳಿಗೂ ಹೇಳುತ್ತಿರಲಿಲ್ಲ. ಮೇರಿಯ ಮೊಮ್ಮಗ, ಅವನ ಹೆಸರೂ ಥಾಮಸ್ ರೀಬಿಯೇ, 1876ರಲ್ಲಿ ಟಾಸ್ಮೇನಿಯಾದ ಪ್ರೀಮಿಯರ್, ಅಂದರೆ ಅಲ್ಲಿನ ಸರ್ಕಾರದ ಮುಖ್ಯಸ್ಥ, ಆದ. ಈಗ ಗಾಳಿ ತಿರುಗಿದೆ. ವಂಶದಲ್ಲಿ ಒಬ್ಬ ಕೈದಿ ಸಿಕ್ಕರೆ ಜನ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಈಗಿನ ತಾಪತ್ರಯ ತಿರುಗಾಮುರುಗಾ: ಹೆಸರು ಒಂದೇ ಅಂತ ಯಾವುದೋ ಕೈದಿಯನ್ನು ತಂದು ತಮ್ಮ ವಂಶವೃಕ್ಷಕ್ಕೆ ಕಟ್ಟುವವರು ಜಾಸ್ತಿ. ಅಂಥ ಕಡೆಯೇ ಹಡಗಿನ ಹೆಸರು ಕೇಳಬೇಕು.

ನಿಜವಾಗಿ ಹುಡುಕಲು ಹೊರಟವರು ನಾನು ಇಲ್ಲಿ ಹೇಳಿದ ಕ್ರಮದಲ್ಲಿ ಹೋಗುವುದಿಲ್ಲ. ಉಲ್ಟಾ ಹೋಗುತ್ತಾರೆ, ಸಾವಿನಿಂದ ಹಿಂದಕ್ಕೆ. ನ್ಯೂ ಸೌತ್ ವೇಲ್ಸ್‌ನಲ್ಲಿ ಜನನ ಮರಣಗಳನ್ನು ಸರ್ಕಾರ ನೋಂದಾಯಿಸಲು ಶುರು ಮಾಡಿದ್ದು 1856ರ ಮಾರ್ಚ್ 1ರಿಂದ. ಆ ಮರಣ ಪತ್ರದಲ್ಲಿ ಸತ್ತವರ ಅಪ್ಪ ಅಮ್ಮನ ಹೆಸರು, ಹುಟ್ಟೂರು, ಮದುವೆ, ಮಕ್ಕಳ ಜೊತೆಗೆ ‘ವಸಾಹತಿನಲ್ಲಿ ಎಷ್ಟು ವರ್ಷ’ ಎನ್ನುವ ಕಾಲಂ ಇರುತ್ತದೆ. ಸತ್ತ ವರ್ಷದಿಂದ ಅಷ್ಟನ್ನು ಕಳೆದರೆ ಬಂದ ವರ್ಷ. ಆ ವರ್ಷ ಬಂದ ಹಡಗುಗಳ ಪಟ್ಟಿ ತೆಗೆದರೆ ಹೆಸರು. ಹೆಸರು ಸಿಕ್ಕರೆ ತೀರ್ಪಿನ ಊರು, ಅಲ್ಲಿಂದ ಕೋರ್ಟು. ಮೇರಿ ರೀಬಿ ಸಿಡ್ನಿಯ ನ್ಯೂಟೌನ್‌ನಲ್ಲಿ ತೀರಿಕೊಂಡದ್ದು 1855ರ ಮೇ 30ರಂದು. ಒಂಬತ್ತು ತಿಂಗಳ ಅಂತರದಲ್ಲಿ ಆ ಪತ್ರ ಅವಳಿಗೆ ತಪ್ಪಿತು. ಸಿಕ್ಕಿದ್ದರೂ ವರ್ಷಗಳ ಕಾಲಂನಲ್ಲಿ ಅರವತ್ತೆರಡು ಅಂತ ಬರೆಸುತ್ತಿದ್ದರೋ, ಮೂವತ್ತನಾಲ್ಕು ಅಂತಲೋ!